ವರ್ಗೀಕರಣ ಬಿಟ್ಟು ತೊಗರಿ ನೆಟೆ ರೋಗಕ್ಕೆ: ಪಿಎಚ್‌ಡಿ ಸೇರಿದ ಮೇಲೆ ವಿಷಯ ಬದಲಿಸಬಹುದೇ?

ಕಲಬುರಗಿಯಲ್ಲಿ ಸಸ್ಯಶಾಸ್ತ್ರದ ಪಿಎಚ್‌ಡಿ ಸೇರಿದ್ದೀರಿ. ಸಂದರ್ಶನದಲ್ಲಿ ಸಸ್ಯ ವರ್ಗೀಕರಣ ಎಂದಿದ್ದಿರಿ, ಈಗ ಕೋರ್ಸ್‌ವರ್ಕ್ ನಡೆದಿರುವಾಗ ತೊಗರಿಯ ನೆಟೆ ರೋಗದ (ಗಿಡ ಬಾಡಿ ಒಣಗುವ ರೋಗ) ಮೇಲೆ ಕೆಲಸ ಮಾಡಬೇಕು ಅನ್ನಿಸಿದೆ. ಬದಲಿಸಿಕೊಳ್ಳಬಹುದು, ಅದಕ್ಕೆ ಇದೇ ಸರಿಯಾದ ಹೊತ್ತು. ಯುಜಿಸಿಯ 2022ರ ನಿಯಮಾವಳಿಯಲ್ಲಿ ವಿಷಯ ಅಂತಿಮಗೊಳಿಸುವುದು ಸಂಶೋಧನಾ ಸಲಹಾ ಸಮಿತಿಯ ಕೆಲಸ. ಸಮಿತಿ ಸಿನಾಪ್ಸಿಸ್ (ಸಂಶೋಧನೆಯ ರೂಪುರೇಷೆ) ಒಪ್ಪಿದ ಮೇಲೆ ಬದಲಿಸಲು ಹೊರಟರೆ ಕಾಗದಪತ್ರಕ್ಕೇ ತಿಂಗಳುಗಳು ಹೋಗುತ್ತವೆ. ಗರಿಷ್ಠ 6 ವರ್ಷದ ಲೆಕ್ಕ ಮಾತ್ರ ಪ್ರವೇಶದ ದಿನದಿಂದಲೇ ಓಡುತ್ತಿರುತ್ತದೆ.

ವಿಷಯ ಬದಲಿಸುವುದು ಬೇರೆ, ಗೈಡ್ ಬದಲಿಸುವುದು ಬೇರೆ. ಎಡವಟ್ಟಾಗುವುದು ಎರಡನೆಯದರಲ್ಲಿ. ಪ್ರೊಫೆಸರ್ 8, ಅಸೋಸಿಯೇಟ್ 6, ಅಸಿಸ್ಟೆಂಟ್ 4 ಸಂಶೋಧಕರಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಇದ್ದವರು ಹೊಸಬರನ್ನು ಸೇರಿಸಿಕೊಳ್ಳುವಂತಿಲ್ಲ. ನಿಮಗೆ ಬೇಕಾದವರ ಹತ್ತಿರ ಸೀಟು ಖಾಲಿ ಇದೆಯೇ ಎಂದು ವಿಭಾಗದ ಖಾಲಿ ಸ್ಥಾನಗಳ ಪಟ್ಟಿಯಲ್ಲೇ ನೋಡಿಕೊಳ್ಳಿ. ಅವರನ್ನು ಕೇಳುವ ಮೊದಲು ಈಗಿನ ಗೈಡ್‌ಗೆ ನೇರವಾಗಿ ಹೇಳಿ. ಸಣ್ಣ ವಿಭಾಗದಲ್ಲಿ ಇಂಥ ಸುದ್ದಿ ಸಂಜೆ ಚಹಾದೊಳಗೆ ಮುಟ್ಟಬೇಕಾದವರಿಗೆ ಮುಟ್ಟಿರುತ್ತದೆ, ಆಮೇಲೆ ಸಹಿ ಸಿಗುವುದು ಕಷ್ಟ.

ನನ್ನನ್ನು ಕೇಳಿದರೆ, ಈಗಿನ ಗೈಡ್‌ರನ್ನೇ ಇಟ್ಟುಕೊಂಡು ರೋಗಶಾಸ್ತ್ರದ ಕೋ-ಗೈಡ್ ಒಬ್ಬರನ್ನು ಸೇರಿಸಿಕೊಳ್ಳುವುದು ಮೇಲು. ನಿಯಮದಲ್ಲಿ ಇದಕ್ಕೆ ಅವಕಾಶವಿದೆ, ಹೊರಗಿನ ಸಂಸ್ಥೆಯವರಾದರೆ ವಿಶ್ವವಿದ್ಯಾಲಯದ ಒಪ್ಪಿಗೆ ಬೇಕು. ರಾಯಚೂರು ಕೃಷಿ ವಿವಿಯ ಸಂಶೋಧನಾ ಕೇಂದ್ರ ನಿಮ್ಮೂರಲ್ಲೇ ಇದೆ, ಅಲ್ಲಿ ವಿಚಾರಿಸಿ. ನೆಟೆ ತರುವ ಫ್ಯುಸೇರಿಯಂ ಉಡಮ್ ಶಿಲೀಂಧ್ರವನ್ನು ಜಿಲ್ಲೆಯ ಬೇರೆ ಬೇರೆ ತಾಲೂಕುಗಳಿಂದ ತಂದು ಬೀಜಕಣದ ಆಕಾರ, ಬಣ್ಣ, ಡಿಎನ್‌ಎ ಮೇಲೆ ವಿಂಗಡಿಸುವ ವಿಷಯವಾದರೆ ವರ್ಗೀಕರಣದ ಗೈಡ್ ಕೂಡ ಬೇಡ ಅನ್ನಲಿಕ್ಕಿಲ್ಲ.

ಗೈಡ್ ಒಪ್ಪಿದರೆ ವಿಭಾಗದ ಮುಖ್ಯಸ್ಥರ ಮೂಲಕ ಒಂದು ಪುಟದ ಅರ್ಜಿ ಕೊಡಿ: ಹಳೆಯ ವಿಷಯ, ಹೊಸ ವಿಷಯ, ಕಾರಣ, ಲ್ಯಾಬ್‌ನಲ್ಲಿ ಇರುವ ಸೌಲಭ್ಯ, ಗೈಡ್ ಮತ್ತು ಕೋ-ಗೈಡ್ ಇಬ್ಬರ ಸಹಿ. ಇನ್‌ವರ್ಡ್ ನಂಬರ್ (ಕಚೇರಿಯ ಸ್ವೀಕೃತಿ ಸಂಖ್ಯೆ) ಬರೆಸಿಕೊಂಡ ಪ್ರತಿ ನಿಮ್ಮ ಹತ್ತಿರ ಇರಲಿ. ಬಾಯಿಮಾತಿನ "ಆಯ್ತು ಬಿಡ್ರಿ" ನಂಬಿ ಕೂರಬೇಡಿ.

ಬಹಳ ಜನ ಮರೆಯುವುದು ಹಂಗಾಮು. ಇಲ್ಲಿ ತೊಗರಿ ವರ್ಷಕ್ಕೊಂದೇ ಬೆಳೆ. ಜೂನ್-ಜುಲೈನಲ್ಲಿ ಬಿತ್ತನೆ, ನೆಟೆ ಎದ್ದು ಕಾಣುವುದು ಹೂವು-ಕಾಯಿ ಹೊತ್ತಿನಲ್ಲಿ. ಸಮಿತಿ ಜನವರಿಯಲ್ಲಿ ಕೂತರೆ ಆ ಹಂಗಾಮಿನ ರೋಗದ ಗಿಡಗಳ ಮಾದರಿ ಹೋದಂತೆಯೇ. ಹೊಲದ ಪ್ರಯೋಗಕ್ಕೆ ಎರಡು ಹಂಗಾಮು ಬೇಕು, ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಇದ್ದರೆ ಎರಡನೇ ವರ್ಷದ ಕೊನೆಗೆ ಎಸ್‌ಆರ್‌ಎಫ್‌ಗೆ (ಹಿರಿಯ ಫೆಲೋಶಿಪ್) ಏರಿಸುವ ಮೌಲ್ಯಮಾಪನವೂ ಬರುತ್ತದೆ. ಹಾಗಾಗಿ ಗೈಡ್‌ಗೆ ತಿಳಿಸಿ, ಕೋರ್ಸ್‌ವರ್ಕ್ ನಡೆಯುವಾಗಲೇ ಆಳಂದ, ಚಿಂಚೋಳಿ, ಜೇವರ್ಗಿ ಕಡೆ ಮಾದರಿ ಕೂಡಿಸಿ.

ಬಾಡಿದ ಗಿಡದ ಬುಡದ ತೊಗಟೆ ಸುಲಿದು ನೋಡಿ. ಒಳಗೆ ಕಂದು-ಕಪ್ಪು ಗೀರು ಮೇಲಕ್ಕೆ ಹೋಗಿದ್ದರೆ ಅದು ನೆಟೆ. ಬೇರು ಕೊಳೆತು ಸಿಬಿರುಸಿಬಿರಾಗಿ ಬಂದರೆ ಒಣ ಬೇರು ಕೊಳೆ ಇರಬಹುದು, ಅದನ್ನು ಬೇರೆ ಇಡಿ. ಮಾದರಿಯನ್ನು ಕಾಗದದ ಕವರಿನಲ್ಲೇ ತನ್ನಿ. ಪ್ಲಾಸ್ಟಿಕ್‌ನಲ್ಲಿ ಬೆವತು ಬೇರೆ ಬೂಸ್ಟು ಹತ್ತುತ್ತದೆ. ಊರು, ದಿನಾಂಕ, ತಳಿ ಕವರಿನ ಮೇಲೆ ಪೆನ್ಸಿಲ್‌ನಲ್ಲಿ ಬರೆಯಿರಿ. ತಳಿ ಬರೆಯದೆ ತಂದರೆ ಮಾರುತಿ, ಟಿಎಸ್-3ಆರ್‌ನಂಥ ನಿರೋಧಕ ತಳಿಯಲ್ಲಿ ಬಂದ ರೋಗ ಯಾವುದು, ಸ್ಥಳೀಯ ತಳಿಯದು ಯಾವುದು ಎಂದು ಆಮೇಲೆ ಬೇರ್ಪಡಿಸಲು ಬರುವುದಿಲ್ಲ.