ಹೊಸದುರ್ಗದಿಂದ ಹೊಸದುರ್ಗಕ್ಕೆ ಬರುವವರಿಗೆ

ನಿಮ್ಮ ಪ್ರಶ್ನೆ ಓದಿ ಮೊದಲು ನಗು ಬಂತು, ಬೇಸರ ಮಾಡಬೇಡಿ. ಚಿತ್ರದುರ್ಗ ಜಿಲ್ಲೆಯ ಹೊಸದುರ್ಗದವರು ನೀವು, ಕಾಸರಗೋಡಿನ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಎಂ.ಎ.ಗೆ ಸೀಟು ಸಿಕ್ಕಿದೆ, ಎರಡು ವರ್ಷದಲ್ಲಿ ಅಲ್ಲಿ ನೋಡಬೇಕಾದ ಜಾಗ, ಹಬ್ಬ, ಆಚರಣೆ ಯಾವುದೆಲ್ಲ ಎಂದು ಕೇಳಿದ್ದೀರಿ. ಪೆರಿಯ ಯಾವ ತಾಲೂಕಿನಲ್ಲಿದೆ ಗೊತ್ತುಂಟಾ? ಹೊಸದುರ್ಗ! ಊರಿನವರ ಬಾಯಲ್ಲಿ ‘ಹೊಸ್ದುರ್ಗ್’ ಆಗಿದೆ, ಪೇಟೆಯ ಹೆಸರು ಕಾಞಂಗಾಡು, ಆದರೆ ತಾಲೂಕು ಕಚೇರಿಯ ಬೋರ್ಡಿನಲ್ಲಿ ಇವತ್ತಿಗೂ ಹೊಸದುರ್ಗವೇ. ನಿಮ್ಮದು ಚಿತ್ರದುರ್ಗದ ನಾಯಕರ ಸೀಮೆ, ನಮ್ಮದು ಇಕ್ಕೇರಿ ನಾಯಕರು ಕಟ್ಟಿಸಿದ ಕೋಟೆ. ಹಾಗಾಗಿ ಪರಊರಿಗೆ ಬರುತ್ತಿದ್ದೇನೆ ಎಂಬ ಹೆದರಿಕೆಯನ್ನು ಅರ್ಧ ಕಡಿಮೆ ಮಾಡಿಕೊಳ್ಳಿ.

ನನ್ನ ಮನೆ ಬದಿಯಡ್ಕದ ಕಡೆ, ಕೆಲಸ ಕಾಞಂಗಾಡಿನಲ್ಲಿ. ಹನ್ನೊಂದು ವರ್ಷದಿಂದ ಚಂದ್ರಗಿರಿ ಹೊಳೆಯನ್ನು ವಾರಕ್ಕೆರಡು ಸಲ ದಾಟುತ್ತಿದ್ದೇನೆ. ಈ ಹೊಳೆಯ ಲೆಕ್ಕ ನಿಮಗೆ ಮೊದಲೇ ತಿಳಿದಿರಲಿ. ಹಿಂದಿನಿಂದಲೂ ಇದರ ಬಡಗು ದಡದವರೆಗೆ ತುಳುನಾಡು ಎನ್ನುತ್ತಾರೆ. ಕನ್ನಡ ಶಾಲೆಗಳು, ಯಕ್ಷಗಾನ, ಭೂತಕೋಲ ಎಲ್ಲ ಹೆಚ್ಚಾಗಿ ಆಚೆ. ಪೆರಿಯ ಇರುವುದು ತೆಂಕು ದಡಕ್ಕೆ, ಅಲ್ಲಿ ಅಂಗಡಿ, ಬಸ್ಸು, ಹಾಸ್ಟೆಲ್ಲು ಎಲ್ಲ ಮಲಯಾಳ. 1956ರ ನವೆಂಬರ್ 1ಕ್ಕೆ ಮೊದಲು ಎರಡೂ ಕಡೆ ದಕ್ಷಿಣ ಕನ್ನಡ ಜಿಲ್ಲೆಯಾಗಿತ್ತು. ಆಮೇಲೆ ಕೇರಳ. ಕಾಸರಗೋಡು ಬೇರೆ ಜಿಲ್ಲೆಯಾದದ್ದು 1984ರಲ್ಲಿ, ನಿಮ್ಮ ವಿಶ್ವವಿದ್ಯಾಲಯ ಶುರುವಾದದ್ದು 2009ರಲ್ಲಿ. ಇಲ್ಲಿನ ಪೂಜೆ, ಕೋಲಗಳಿಗೆ ಈ ಇಸವಿಗಳ ಪರಿವೆ ಇಲ್ಲ. ಅವು ತಮ್ಮದೇ ತಿಂಗಳ ಲೆಕ್ಕದಲ್ಲಿ ನಡೆಯುತ್ತವೆ.

ಆ ಲೆಕ್ಕವೇ ನಿಮಗೆ ಮೊದಲು ಎಡವಟ್ಟಾಗುವುದು. ನಿಮ್ಮ ಕಡೆ ಚಾಂದ್ರಮಾನ, ಇಲ್ಲಿ ಸೌರಮಾನ. ಯುಗಾದಿಯ ದಿನ ಬೇವುಬೆಲ್ಲಕ್ಕೆ ಹುಡುಕಿದರೆ ಸಿಗಲಿಕ್ಕಿಲ್ಲ. ಏಪ್ರಿಲ್ ಮಧ್ಯದಲ್ಲಿ ಬಿಸು ಬರುತ್ತದೆ, ಮಲಯಾಳದವರಿಗೆ ವಿಷು. ಬೆಳಗಾಗುವ ಮೊದಲು ಕಣ್ಣು ಮುಚ್ಚಿಸಿ ಕರೆದುಕೊಂಡು ಹೋಗಿ ಕಣಿ ತೋರಿಸುತ್ತಾರೆ: ಸೌತೆಕಾಯಿ, ತೆಂಗಿನಕಾಯಿ, ಕನ್ನಡಿ, ಕೊನ್ನೆಹೂವಿನ ಹಳದಿ ಗೊಂಚಲು. ಅದನ್ನು ಹೇಗಾದರೂ ನೋಡುತ್ತೀರಿ, ಹಾಸ್ಟೆಲಿನಲ್ಲೇ ಯಾರಾದರೂ ಇಡುತ್ತಾರೆ.

ನೀವು ಬರುವುದು ಮಳೆಗಾಲದಲ್ಲಿ ಅಂದುಕೊಳ್ಳುತ್ತೇನೆ. ಜುಲೈ ಮಧ್ಯದಿಂದ ಒಂದು ತಿಂಗಳು ತುಳುವರ ಆಟಿ, ಮಲಯಾಳದವರ ಕರ್ಕಡಕ. ಮದುವೆ ಮುಂಜಿ ಇಲ್ಲ, ಜಾತ್ರೆ ಇಲ್ಲ, ಬಟ್ಟೆ ಒಣಗುವುದೂ ಇಲ್ಲ. ಹಾಗೆಂದು ಊರು ಮಲಗಿರುವುದಿಲ್ಲ. ಪೆರಿಯದ ಸುತ್ತಿನ ಹಳ್ಳಿಗಳಲ್ಲಿ ಆಡಿವೇಡನ್ ಮನೆ ಮನೆಗೆ ಬರುತ್ತಾನೆ. ಬೇಡನ ವೇಷದ ಶಿವ, ಜೊತೆಗೆ ಪಾರ್ವತಿ, ಹಿಂದೆ ಒಬ್ಬ ಚೆಂಡೆಯವನು. ವೇಷ ಹಾಕುವವರು ಹೆಚ್ಚಾಗಿ ಶಾಲೆಗೆ ಹೋಗುವ ಮಕ್ಕಳು. ಮನೆಯ ಮಾರಿ ಕಳೆಯಲಿ ಎಂದು ಅಂಗಳದಲ್ಲಿ ಕುಣಿಸಿ ಅಕ್ಕಿ, ದುಡ್ಡು ಕೊಟ್ಟು ಕಳಿಸುತ್ತಾರೆ. ನಮ್ಮ ಬದಿಯಡ್ಕದ ಕಡೆ ಇದೇ ಕೆಲಸಕ್ಕೆ ಬರುವವನು ಆಟಿ ಕಳೆಂಜ, ಕೈಯಲ್ಲಿ ತಾಳೆಗರಿಯ ಕೊಡೆ. ಹೊಳೆಯ ಎರಡು ದಡದಲ್ಲಿ ಒಂದೇ ಮಾರಿಗೆ ಇಬ್ಬರು ಓಡಿಸುವವರು.

ಆಟಿ ಅಮಾವಾಸ್ಯೆಯ ದಿನ ಹಾಲೆಮರದ ಕಷಾಯ. ಸೂರ್ಯ ಹುಟ್ಟುವ ಮೊದಲು ಹೋಗಿ, ಕತ್ತಿ ಮುಟ್ಟಿಸದೆ, ಕಲ್ಲಿನಿಂದ ಜಜ್ಜಿ ತೊಗಟೆ ತರಬೇಕು. ಓಮ, ಬೆಳ್ಳುಳ್ಳಿ, ಕಾಳುಮೆಣಸು ಹಾಕಿ ಅರೆದು ಹಿಂಡಿ, ಕೆಂಪಗೆ ಕಾಯಿಸಿದ ಬೆಣಚುಕಲ್ಲನ್ನು ಅದರೊಳಗೆ ಅದ್ದಿದರೆ ‘ಚುಂಯ್’ ಎಂದು ಹೊಗೆ ಬರುತ್ತದೆ. ಕಹಿ ಎಂದರೆ ಅಂಥಿಂಥ ಕಹಿ ಅಲ್ಲ. ಕುಡಿದ ಮೇಲೆ ಮೆಂತೆ ಗಂಜಿ ಕೊಡುತ್ತಾರೆ, ಅದಕ್ಕಾಗಿಯೇ ನಾನು ಕುಡಿಯುತ್ತಿದ್ದದ್ದು. ಈ ಹಾಲೆಮರವನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಆಟಿ ಕಳೆದು ಸಿಂಹಮಾಸಕ್ಕೆ ಓಣಂ. ಕ್ಯಾಂಪಸ್ಸಿನಲ್ಲಿ ಹೂವಿನ ರಂಗೋಲಿ, ಹಗ್ಗಜಗ್ಗಾಟ, ಬಾಳೆಲೆ ಊಟ ಎಲ್ಲ ಜೋರು. ಕಸವು ಸೀರೆ, ಮುಂಡು ಉಟ್ಟುಕೊಂಡು ಫೋಟೋ ತೆಗೆಸಿಕೊಳ್ಳಿ. ಬಲಿ ಚಕ್ರವರ್ತಿ ಪಾತಾಳದಿಂದ ತನ್ನ ಪ್ರಜೆಗಳನ್ನು ನೋಡಲು ಬರುವ ದಿನ ಅದು ಎಂದು ನಿಮ್ಮ ಮಲಯಾಳಿ ಗೆಳೆಯರು ಹೇಳುತ್ತಾರೆ. ಸರಿಯೇ. ಆದರೆ ನಮ್ಮ ಜಿಲ್ಲೆಗೆ ಆತ ಎರಡು ಸಲ ಬರುತ್ತಾನೆ. ಎರಡನೆಯದು ದೀಪಾವಳಿಗೆ, ತುಳುವರ ಲೆಕ್ಕದಲ್ಲಿ. ಹಾಲೆಮರದ ಕೊಂಬೆ ಕಡಿದು ತಂದು ಅಂಗಳದಲ್ಲೋ ಗದ್ದೆಯ ಬದಿಯಲ್ಲೋ ನೆಟ್ಟು, ಹೂ ಮುಡಿಸಿ, ದೀಪ ಇಟ್ಟು ‘ಬಲೀಂದ್ರಾ... ಕೂ...’ ಎಂದು ಕರೆಯುತ್ತೇವೆ. ಮಲಯಾಳದ ಮನೆಗಳಲ್ಲಿ ಅದೇ ಹಾಲೆ ಕೊಂಬೆ, ಅದೇ ದೀಪ, ಕರೆ ಮಾತ್ರ ‘ಪೊಲಿಯೇಂದ್ರಾ’. ತಿರುವನಂತಪುರದಿಂದ ಓದಲು ಬಂದ ಒಬ್ಬರಿಗೆ ಇದನ್ನು ತೋರಿಸಿದಾಗ ಅವರು ‘ಇದು ಕೇರಳದಲ್ಲಿ ಇಲ್ಲವಲ್ಲ’ ಎಂದರು. ನೀವು ನಿಂತಿರುವುದು ಎಲ್ಲಿ ಎಂದು ಕೇಳಿದೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ: ತೆಯ್ಯಂ, ಅಂದರೆ ನಮ್ಮ ಭೂತಕೋಲದ ಹಾಗೆ ವೇಷ ಕಟ್ಟಿ ದೈವವಾಗಿ ಕುಣಿಯುವ ಆರಾಧನೆ. ಎರಡು ವರ್ಷ ಇದ್ದು ಇದೊಂದನ್ನು ನೋಡದೆ ಹೋದರೆ ನೀವು ಬಂದದ್ದು ಲೆಕ್ಕಕ್ಕಿಲ್ಲ. ತುಲಾಮಾಸ ಹತ್ತು, ಅಂದರೆ ಅಕ್ಟೋಬರ್ ಕೊನೆಗೆ, ‘ಪತ್ತಾಮುದಯಂ’ ದಿನ ತೆಯ್ಯಂಗಳ ಕಾಲ ತೆರೆಯುತ್ತದೆ. ತುಳುವರಲ್ಲಿ ಇನ್ನೊಂದು ಹತ್ತು ಉಂಟು: ಬೇಶ ತಿಂಗಳ ಹತ್ತು, ಮೇ ಕೊನೆಯ ವಾರದ ‘ಪತ್ತನಾಜೆ’. ಅಂದಿಗೆ ಭೂತಗಳ ಕೋಲ ನಿಲ್ಲುತ್ತದೆ, ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ಈ ಎರಡು ಹತ್ತುಗಳ ನಡುವೆ ಜಿಲ್ಲೆಯಲ್ಲಿ ಎಲ್ಲಾದರೂ ಚೆಂಡೆ ಕೇಳದ ರಾತ್ರಿ ಕಡಿಮೆ. ಜಾಹೀರಾತು ಹುಡುಕಬೇಡಿ. ಬಸ್‌ಸ್ಟ್ಯಾಂಡಿನ ಗೋಡೆಯ ನೋಟೀಸು ಓದಿ, ಇಲ್ಲವೇ ಚಹಾದ ಅಂಗಡಿಯಲ್ಲಿ ‘ಏಟ್ಟಾ (ಅಣ್ಣಾ), ಇವತ್ತು ಎಲ್ಲಿ ಕಳಿಯಾಟ?’ ಎಂದು ಕೇಳಿ, ಕಳಿಯಾಟ ಎಂದರೆ ತೆಯ್ಯಂ ಉತ್ಸವ. ಹೇಳಿದ ಮೇಲೆ ದಾರಿಯನ್ನೂ ಹೇಳುತ್ತಾರೆ, ಕೆಲವರು ಬೈಕಿನಲ್ಲಿ ಬಿಟ್ಟೂ ಬರುತ್ತಾರೆ.

ನಾನು ಮೊದಲು ನೋಡಿದ್ದು ಪೊಟ್ಟನ್ ತೆಯ್ಯಂ. ಒಂದು ತರವಾಡು ಮನೆಯ, ಅಂದರೆ ಕುಟುಂಬದ ಮೂಲಮನೆಯ ಅಂಗಳ, ಬೆಳಗಿನ ಜಾವ ನಾಲ್ಕು ಗಂಟೆ. ಸಂಜೆಯಿಂದ ಉರಿದ ಸೌದೆ ಕೆಂಡವಾಗಿ ಎದೆಮಟ್ಟದ ರಾಶಿ. ಹತ್ತು ಹೆಜ್ಜೆ ದೂರ ನಿಂತರೂ ಮುಖ ಸುಡುತ್ತಿತ್ತು. ಎಳೆ ತೆಂಗಿನ ಗರಿ ಸೀಳಿ ಮಾಡಿದ ಲಂಗ ಉಟ್ಟು, ಮುಖಕ್ಕೆ ಅಡಿಕೆ ಹಾಳೆಯ ಮುಖವಾಡ ಕಟ್ಟಿದ ಪೊಟ್ಟನ್ ಬಂದು ಆ ಕೆಂಡದ ಮೇಲೆ ಹಾಸಿಗೆಯಲ್ಲಿ ಬಿದ್ದ ಹಾಗೆ ಬಿದ್ದುಕೊಂಡ. ಇಬ್ಬರು ಎಳೆದು ಎಬ್ಬಿಸಿದರೆ ಕೊಸರಿಕೊಂಡು ಮತ್ತೆ ಹೋಗಿ ಮಲಗುತ್ತಾನೆ. ‘ಚಳಿಯಾಗುತ್ತದೆ’ ಎನ್ನುತ್ತಾನೆ ಬೇರೆ! ಜನ ನಗುತ್ತಾರೆ, ಅವನು ನೆರೆದವರನ್ನೆಲ್ಲ ಗೇಲಿ ಮಾಡುತ್ತಾನೆ. ಕಥೆ ಕೇಳಿದರೆ ನಗು ನಿಲ್ಲುತ್ತದೆ. ಶಂಕರಾಚಾರ್ಯರಿಗೆ ದಾರಿ ಬಿಡದೆ ಅಡ್ಡ ನಿಂತು, ನಿನ್ನನ್ನು ಕೊಯ್ದರೂ ನನ್ನನ್ನು ಕೊಯ್ದರೂ ಬರುವ ನೆತ್ತರು ಒಂದೇ ಅಲ್ಲವೇ ಎಂದು ಕೇಳಿದ ಚಾಂಡಾಲನೇ ಈ ಪೊಟ್ಟನ್. ಪೊಟ್ಟನ್ ಎಂದರೆ ಪೆದ್ದ ಎಂದರ್ಥ. ವೇಷ ಕಟ್ಟುವವರು ಹಿಂದೆ ಅಂಗಳಕ್ಕೂ ಸೇರಿಸದ ಜಾತಿಗಳವರು. ವೇಷ ಇರುವಷ್ಟು ಹೊತ್ತು ಮನೆಯ ಯಜಮಾನ ಅವರೆದುರು ಕೈಮುಗಿದು ನಿಲ್ಲಬೇಕು. ವೇಷ ಬಿಚ್ಚಿದ ಮೇಲೆ ಏನಾಗುತ್ತಿತ್ತು, ಈಗ ಏನಾಗುತ್ತದೆ ಎಂಬುದನ್ನು ನೀವೇ ನಿಂತು ನೋಡಿ. ನಿಮ್ಮದು ಸಮಾಜಶಾಸ್ತ್ರವೋ ಸಾಹಿತ್ಯವೋ, ಯಾವುದಾದರೂ ಸಂಪ್ರಬಂಧಕ್ಕೆ ಸಾಕಾಗುವಷ್ಟು ಉಂಟು ಅದರಲ್ಲಿ.

ಆವತ್ತು ನಾನು ಮಾಡಿದ ಎರಡು ತಪ್ಪು ನೀವು ಮಾಡಬೇಡಿ. ಗಾಳಿ ಬೀಸುವ ದಿಕ್ಕು ನೋಡದೆ ನಿಂತು ಅಂಗಿಗೆ ಕಿಡಿ ಹಾರಿ ನಾಲ್ಕು ತೂತಾಯಿತು. ಮೊಬೈಲಿನ ಫ್ಲ್ಯಾಶ್ ಆಫ್ ಮಾಡಲು ಮರೆತು ಒಬ್ಬ ಅಜ್ಜನಿಂದ ಮಲಯಾಳದಲ್ಲಿ ಬೈಸಿಕೊಂಡೆ. ಬೈದ ಅಜ್ಜನೇ ಆಮೇಲೆ ಕರೆದು ಗಂಜಿ, ಹುರುಳಿ ಪಲ್ಯ ಬಡಿಸಿದರು. ವಾಪಸು ಬರುವಾಗ ತೆಯ್ಯಂ ಎದುರು ನಿಂತು ಅರಸಿನ ಹುಡಿಯ ಪ್ರಸಾದ ತೆಗೆದುಕೊಳ್ಳಿ. ಕೈ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು ನಿಮ್ಮ ಕಷ್ಟ ಕೇಳುತ್ತದೆ. ಭಾಷೆ ಗೊತ್ತಾಗದಿದ್ದರೂ ಗೊತ್ತಾಗುತ್ತದೆ.

ಬಡಗಿಗೆ ಹೋದರೆ ಕುಂಬಳೆ ಹತ್ತಿರ ಆರಿಕ್ಕಾಡಿಯಲ್ಲಿ ಆಲಿ ಭೂತ ಉಂಟು. ಹೆಸರಿನಲ್ಲೇ ಗೊತ್ತಾಗುತ್ತದೆ, ಮುಸ್ಲಿಮನೊಬ್ಬ ಭೂತವಾದ ಕಥೆ. ನೋಡಲು ಎರಡೂ ಮತದವರು ಬರುತ್ತಾರೆ.

ಮಾರ್ಚ್-ಏಪ್ರಿಲಿನ ಪೂರಂ ಬಗ್ಗೆ ಯಾರೂ ನಿಮಗೆ ಹೇಳಲಿಕ್ಕಿಲ್ಲ, ಯಾಕೆಂದರೆ ತ್ರಿಶೂರಿನ ಆನೆಗಳ ಪೂರವೇ ಎಲ್ಲರ ತಲೆಯಲ್ಲಿ. ಇಲ್ಲಿಯದು ಬೇರೆ. ನಿಮ್ಮ ಊರಲ್ಲಿ ಹೋಳಿ ಹಬ್ಬಕ್ಕೆ ಕಾಮನನ್ನು ಸುಡುತ್ತಾರಲ್ಲ, ಇಲ್ಲಿ ಸುಟ್ಟು ಹೋದ ಆ ಕಾಮನನ್ನು ಹೆಣ್ಣುಮಕ್ಕಳು ಹೂವಿನಲ್ಲಿ ಮತ್ತೆ ಮಾಡುತ್ತಾರೆ. ದಿನಾ ಹೂ ಕೊಯ್ದು ತಂದು ಹಾಕುವುದು, ಕಡೆಯ ದಿನ ಅಡೆ ಮಾಡಿ ಬಡಿಸಿ, ಹಲಸಿನ ಮರದ ಬುಡಕ್ಕೆ ಒಯ್ದು ಬಿಟ್ಟು, ‘ಕಾಮಾ, ಬರುವ ವರ್ಷ ಹೊತ್ತಿಗೆ ಸರಿಯಾಗಿ ಬಾ’ ಎಂದು ಕಳಿಸಿಕೊಡುವುದು. ಭಗವತಿ ಕಾವುಗಳಲ್ಲಿ (ದೇವಿಯ ಬನಗಳಲ್ಲಿ) ಗಂಡಸರ ಪೂರಕ್ಕಳಿ ಕುಣಿತ ಇದೇ ಹೊತ್ತಿಗೆ. ಕಾಮನನ್ನು ಸುಡುವ ಊರಿನಿಂದ ಬರುವ ನಿಮಗೆ ಇದು ನನಗಿಂತ ಹೆಚ್ಚು ತಾಗಬಹುದು.

ಜಾಗಗಳನ್ನು ಬೇಗ ಹೇಳಿ ಮುಗಿಸುತ್ತೇನೆ, ಅವಕ್ಕೆ ನಾಲ್ಕು ಭಾನುವಾರ ಸಾಕು. ಬೇಕಲ ಕೋಟೆ ನಿಮಗೆ ಹತ್ತಿರ, ಪಳ್ಳಿಕ್ಕರೆ ದಾರಿ. ಸುಮಾರು 40 ಎಕರೆಯ ಮುರಕಲ್ಲಿನ ಕೋಟೆ, ಕೇರಳದಲ್ಲೇ ದೊಡ್ಡದು, 17ನೇ ಶತಮಾನದಲ್ಲಿ ಕಟ್ಟಿಸಿದ್ದು ಕೆಳದಿಯ ಶಿವಪ್ಪನಾಯಕ. ಬಾಗಿಲಲ್ಲೇ ಮುಖ್ಯಪ್ರಾಣ ಗುಡಿ. ಮಳೆ ಬಿಟ್ಟ ಸಂಜೆ ಹೋಗಿ, ನಡುವಿನ ವೀಕ್ಷಣಾ ಬುರುಜು ಹತ್ತಿ, ಮೇ ತಿಂಗಳ ಮಧ್ಯಾಹ್ನ ಮಾತ್ರ ಬೇಡ. ಹತ್ತಿರದ ತೃಕ್ಕನ್ನಾಡು ದೇವಸ್ಥಾನ ಸಮುದ್ರಕ್ಕೆ ಮುಖ ಮಾಡಿ ನಿಂತಿದೆ. ಪಾಲಕುನ್ನು ಭಗವತಿಯ ಭರಣಿ ಉತ್ಸವ ಕುಂಭಮಾಸದಲ್ಲಿ, ಆ ರಾತ್ರಿ ಕರಾವಳಿ ರಸ್ತೆಯಲ್ಲಿ ಬಸ್ಸು ಹಿಡಿಯುವ ಆಸೆ ಬಿಡಿ. ಕಾಸರಗೋಡು ಪೇಟೆಯ ತಳಂಗರೆಯಲ್ಲಿ ಮಾಲಿಕ್ ದೀನಾರ್ ಮಸೀದಿ, ಮರದ ಕೆತ್ತನೆ ನೋಡಲೇಬೇಕು. ಅನಂತಪುರದ ಸರೋವರ ದೇವಸ್ಥಾನದಲ್ಲಿ ಬಬಿಯಾ ಎಂಬ ಮೊಸಳೆ ಇತ್ತು, ನೈವೇದ್ಯದ ಅನ್ನ ತಿನ್ನುತ್ತಿತ್ತು ಎಂದೇ ಪ್ರಸಿದ್ಧಿ. 2022ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಮನುಷ್ಯರಿಗೆ ಮಾಡುವ ಹಾಗೆ ಮೆರವಣಿಗೆ ಮಾಡಿ ಕಳಿಸಿಕೊಟ್ಟರು. ಮರುವರ್ಷ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಂಡಿತು, ಎಲ್ಲಿಂದ ಬಂತು ಎಂಬುದಕ್ಕೆ ಊರಿಗೊಂದು ಕಥೆ.

ಮಧೂರಿನ ಬಗ್ಗೆ ಒಂದು ಮಾತು ಹೆಚ್ಚು ಹೇಳಬೇಕು. ಮಧುವಾಹಿನಿ ಹೊಳೆಯ ಬದಿಗೆ, ಆನೆಯ ಬೆನ್ನಿನ ಆಕಾರದ ಮೂರು ಅಂತಸ್ತಿನ ಮಾಡು. ಮೂಲ ದೇವರು ಮದನಂತೇಶ್ವರ, ಹೆಸರು ಮಾಡಿದ್ದು ಗಣಪತಿ. ಅರ್ಚಕರ ಮಗ ಆಟಕ್ಕೆ ಗೋಡೆಯಲ್ಲಿ ಬಿಡಿಸಿದ ಚಿತ್ರವೇ ಬೆಳೆದು ಈ ಗಣಪತಿ ಆಯಿತು ಎಂದು ಕಥೆ, ಪ್ರೀತಿಯಿಂದ ‘ಬೊಡ್ಡಜ್ಜ’ ಎನ್ನುತ್ತಾರೆ. ಇಲ್ಲಿನ ಮೂಡಪ್ಪ ಸೇವೆಯಲ್ಲಿ ಗಣಪತಿಯನ್ನು ಅಪ್ಪಗಳಲ್ಲೇ ಮುಚ್ಚಿಬಿಡುತ್ತಾರೆ. 1992ರಲ್ಲಿ ಆಗಿತ್ತು, ಆಮೇಲೆ 2025ರಲ್ಲಿ. ಮೊದಲನೆಯದಕ್ಕೆ ಅಮ್ಮನ ಸೊಂಟದಲ್ಲಿ ಕೂತು ಹೋಗಿದ್ದೆನಂತೆ, ಎರಡನೆಯದಕ್ಕೆ ಅಮ್ಮನ ಕೈ ಹಿಡಿದು ನಾನೇ ಕರೆದುಕೊಂಡು ಹೋದೆ. ನಿಮ್ಮ ಕಾಲಕ್ಕೆ ಮೂಡಪ್ಪ ಸಿಗುವ ಲಕ್ಷಣವಿಲ್ಲ, ಕೌಂಟರಿನಲ್ಲಿ ದಿನನಿತ್ಯದ ಅಪ್ಪ ಸಿಗುತ್ತದೆ. ಬಿಸಿ ಇರುವಾಗ ತಿನ್ನಿ.

ಕನ್ನಡ ಮಾತಾಡದೆ ನಾಲಿಗೆ ತುಕ್ಕು ಹಿಡಿಯಿತು ಅನಿಸಿದ ದಿನ ರೈಲು ಹತ್ತಿ ಮಂಜೇಶ್ವರಕ್ಕೆ ಹೋಗಿ. ರಾಷ್ಟ್ರಕವಿ ಗೋವಿಂದ ಪೈಗಳ ಮನೆ ‘ಗಿಳಿವಿಂಡು’ ಅಲ್ಲಿ ಸ್ಮಾರಕವಾಗಿದೆ. ಇಲ್ಲವೇ ಎಡನೀರು ಮಠಕ್ಕೆ ಹೋಗಿ, ಯಕ್ಷಗಾನ ಇದ್ದ ದಿನವೇ ನೋಡಿಕೊಂಡು ಹೋದರೆ ಒಳ್ಳೆಯದು. 1973ರ ಏಪ್ರಿಲ್ 24ರಂದು ಸುಪ್ರೀಂ ಕೋರ್ಟಿನ 13 ನ್ಯಾಯಮೂರ್ತಿಗಳು ಸಂವಿಧಾನದ ಮೂಲ ರಚನೆಯ ಬಗ್ಗೆ ತೀರ್ಪು ಕೊಟ್ಟ ಕೇಶವಾನಂದ ಭಾರತಿ ಪ್ರಕರಣ ಓದಿರುತ್ತೀರಿ. ಆ ಸ್ವಾಮೀಜಿ ಈ ಮಠದವರು, ಸ್ವತಃ ಭಾಗವತಿಕೆ ಮಾಡುತ್ತಿದ್ದರು. ತೆಂಕುತಿಟ್ಟಿನ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ಕುಂಬಳೆಯೂ ಆ ದಿಕ್ಕಿಗೇ. ಮಕರ ಸಂಕ್ರಮಣದ ಹೊತ್ತಿಗೆ ಅಲ್ಲಿನ ಕಣಿಪುರ ಜಾತ್ರೆಯ ‘ಕುಂಬಳೆ ಬೆಡಿ’ಗೆ ನಮ್ಮ ಕಡೆಯವರೆಲ್ಲ ಹೋಗುತ್ತಾರೆ. ಬೆಡಿ ಎಂದರೆ ಸಿಡಿಮದ್ದು, ಗಾಬರಿಯಾಗಬೇಡಿ.

ತರುವ ಸಾಮಾನಿನಲ್ಲಿ ಗಟ್ಟಿ ಕೊಡೆ, ಟಾರ್ಚು, ಒಂದು ಬಿಳಿ ಪಂಚೆ ಇರಲಿ. ಗಂಡಸರಾದರೆ ಹಲವು ದೇವಸ್ಥಾನಗಳಲ್ಲಿ ಅಂಗಿ ತೆಗೆದು ಒಳಗೆ ಹೋಗಬೇಕು. ರೈಲಿನಲ್ಲಿ ಬರುವುದಾದರೆ ಕಾಞಂಗಾಡಿನಲ್ಲಿ ಇಳಿಯಿರಿ, ಪೆರಿಯಕ್ಕೆ ಅಲ್ಲಿಂದಲೇ ಹತ್ತಿರ. ಟಿಕೆಟ್ ಮಾಡಿಸುವಾಗ ಹೊಸದುರ್ಗ ಎಂದು ಮಾತ್ರ ಹೇಳಬೇಡಿ, ಹೊರಟಲ್ಲಿಗೇ ವಾಪಸು ಮುಟ್ಟೀರಿ.