ಜುಲೈನಲ್ಲಿ ಗೋಕರ್ಣಕ್ಕೆ ಹೋಗಬಹುದೇ?

ಮಕ್ಕಳನ್ನು ಕರೆದುಕೊಂಡು ಜುಲೈನಲ್ಲಿ ಗೋಕರ್ಣಕ್ಕೆ ಹೋಗಬಹುದೇ ಎಂದು ಕೇಳಿದ್ದೀರಿ. ಧಾರಾಳವಾಗಿ ಹೋಗಿ, ಆದರೆ ನೀರಿಗಿಳಿಯುವ ಆಸೆಯನ್ನು ಪೂರ್ತಿ ಬಿಟ್ಟುಬಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿನ ಕಡಲಿನ ಸ್ವಭಾವವೇ ಬೇರೆ. ಮೊಣಕಾಲುದ್ದ ನೀರಿನಲ್ಲಿ ನಿಂತರೂ ಹಿಂದೆ ಸರಿಯುವ ಅಲೆ ಕಾಲಡಿಯ ಮರಳನ್ನು ಕೊರೆದೊಯ್ಯುತ್ತದೆ. ಸೆಳೆತಕ್ಕೆ ಸಿಕ್ಕರೆ ಈಜು ಬಲ್ಲವರಿಗೂ ಬಿಡಿಸಿಕೊಳ್ಳುವುದು ಕಷ್ಟ. ದಯವಿಟ್ಟು ಮಕ್ಕಳ ಕೈ ಬಿಡಬೇಡಿ.

ಕುಡ್ಲೆ, ಓಂ ತೀರಗಳ ಗುಡಿಸಲು ಹೋಟೆಲುಗಳು ಬಹುತೇಕ ಮುಚ್ಚಿರುತ್ತವೆ. ಆದ್ದರಿಂದ ಊರೊಳಗೆ ಕೋಣೆ ಹಿಡಿಯಿರಿ. ಮೀನುಗಳ ಸಂತಾನೋತ್ಪತ್ತಿಯ ಕಾಲವೆಂದು ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವುದರಿಂದ ತಾಜಾ ಮೀನೂ ಕಡಿಮೆ.

ಹಾಗಿದ್ದರೂ ಈ ಕಾಲದಲ್ಲೇ ನೋಡಬೇಕಾದದ್ದು ಮಿರ್ಜಾನ್ ಕೋಟೆ. ಜಂಬಿಟ್ಟಿಗೆಯ ಗೋಡೆಗಳ ಮೇಲೆ ದಪ್ಪ ಪಾಚಿ ಹಬ್ಬಿ ಕೋಟೆಗೆ ಕೋಟೆಯೇ ಹಸಿರಾಗಿರುತ್ತದೆ. ಕಲ್ಲಿನ ತೂತುಗಳಿಂದಲೂ ಜರಿಗಿಡಗಳು ಇಣುಕುತ್ತವೆ. ಮೆಟ್ಟಿಲು ಜಾರುತ್ತದೆ, ಹಿಡಿತವಿರುವ ಚಪ್ಪಲಿ ಬೇಕು. ಕಾಡಿನ ನಡುವೆ ದೊಡ್ಡ ಬಂಡೆಗಳಿರುವ ಯಾಣಕ್ಕೂ ಹೋಗುವುದಾದರೆ, ಕಾಲಿಗೆ ಹತ್ತುವ ಉಂಬಳಕ್ಕೆ (ಜಿಗಣೆಗೆ) ಉಪ್ಪು ಇಟ್ಟುಕೊಳ್ಳಿ. ಕೊಂಕಣ ರೈಲಿಗೆ ಮಳೆಗಾಲದ ವೇಳಾಪಟ್ಟಿಯೇ ಪ್ರತ್ಯೇಕ, ಟಿಕೆಟ್ ಕಾಯ್ದಿರಿಸುವ ಮುನ್ನ ಸಮಯ ನೋಡಿಕೊಳ್ಳಿ.