ಕಂಪ್ಯೂಟರ್ ಸೈನ್ಸ್ ಓದುತ್ತಲೇ ಪ್ರಿ-ಮೆಡ್: ಒಂದು ಪ್ರತಿಕ್ರಿಯೆ

ಅಮೆರಿಕದಲ್ಲಿ ಕಂಪ್ಯೂಟರ್ ಸೈನ್ಸ್ ಪದವಿಗೆ ಸೇರುತ್ತಿರುವ ನಿಮ್ಮ ಮಗಳು ಮುಂದೆ ವೈದ್ಯಕೀಯಕ್ಕೆ ಹೋಗಬಹುದೇ, ಆರ್ಗ್ಯಾನಿಕ್ ಕೆಮಿಸ್ಟ್ರಿಯನ್ನು ಯಾವಾಗ ತೆಗೆದುಕೊಳ್ಳಬೇಕು ಎಂದು ಕೇಳಿದ್ದೀರಿ. ಖಂಡಿತ ಹೋಗಬಹುದು, ಅಲ್ಲಿ ಪ್ರಿ-ಮೆಡ್ ಎನ್ನುವುದು ಹೆಚ್ಚಿನ ಕಡೆ ಪದವಿಯ ಹೆಸರಲ್ಲ, ಪದವಿಯ ನಂತರ ವೈದ್ಯಕೀಯ ಕಾಲೇಜಿಗೆ ಸೇರಲು ಬೇಕಾದ, ಯಾವ ಪದವಿಯ ಜೊತೆಗೂ ಓದಬಹುದಾದ ಕೆಲವು ವಿಷಯಗಳು, ಅಷ್ಟೆ. ಜೀವಶಾಸ್ತ್ರ, ಭೌತಶಾಸ್ತ್ರಗಳನ್ನು ಸ್ವಲ್ಪ ಹಿಂದುಮುಂದು ಮಾಡಬಹುದು. ಆದರೆ ರಸಾಯನಶಾಸ್ತ್ರ ಸರಪಳಿಯಂತೆ: ಮೊದಲ ವರ್ಷ ಜನರಲ್ ಕೆಮಿಸ್ಟ್ರಿ ಮುಗಿಯದಿದ್ದರೆ ಎರಡನೆಯ ವರ್ಷದ ಆರ್ಗ್ಯಾನಿಕ್ಕೂ, ಅದರ ಬೆನ್ನಿಗೇ ಬರುವ ಬಯೋಕೆಮಿಸ್ಟ್ರಿಯೂ ಮುಂದಕ್ಕೆ ಹೋಗಿ, ಮೂರನೆಯ ವರ್ಷದ ಕೊನೆಗೆ ಬರೆಯಬೇಕಾದ ಎಂಸಿಎಟಿ, ಅಂದರೆ ವೈದ್ಯಕೀಯ ಕಾಲೇಜಿನ ಪ್ರವೇಶ ಪರೀಕ್ಷೆಯೇ ತಡವಾಗುತ್ತದೆ. ಮಧ್ಯಾಹ್ನವನ್ನೆಲ್ಲ ನುಂಗಿಬಿಡುವ ಆರ್ಗ್ಯಾನಿಕ್ ಲ್ಯಾಬನ್ನು, ದೊಡ್ಡ ಪ್ರೋಗ್ರಾಮಿಂಗ್ ಪ್ರಾಜೆಕ್ಟ್ ಇರುವ ಸೆಮಿಸ್ಟರಿನಲ್ಲಿ ಇಟ್ಟುಕೊಳ್ಳಬಾರದು. 2015ರಿಂದ ಎಂಸಿಎಟಿಯಲ್ಲಿ ಮನಃಶಾಸ್ತ್ರ, ಸಮಾಜಶಾಸ್ತ್ರಗಳಿಗೂ ಒಂದು ವಿಭಾಗವಿದೆ. ನಮ್ಮವರು ಅದನ್ನು ಹಗುರವಾಗಿ ಕಾಣುತ್ತಾರೆ, ಆದರೆ 528ರ ಒಟ್ಟು ಅಂಕದಲ್ಲಿ ಅದರದೂ 132. ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಎಪಿ ಪಾಠಗಳ ಅಂಕಗಳನ್ನು ಕೆಲವು ವೈದ್ಯಕೀಯ ಕಾಲೇಜುಗಳು ಒಪ್ಪುವುದಿಲ್ಲವಾದ್ದರಿಂದ, ಅವುಗಳನ್ನು ನಂಬಿ ಪಾಠ ಬಿಡುವ ಮೊದಲು ಆಯಾ ಕಾಲೇಜಿನ ನಿಯಮವನ್ನು ಓದಿಕೊಳ್ಳಿ. ನಿಮ್ಮ ಮಗಳು ಇನ್ನೂ ಗ್ರೀನ್ ಕಾರ್ಡ್ ಇಲ್ಲದೆ ವೀಸಾದಲ್ಲಿದ್ದರೆ, ಅಂಥವರನ್ನು ಸೇರಿಸಿಕೊಳ್ಳುವ ಕಾಲೇಜುಗಳ ಪಟ್ಟಿಯನ್ನು ಈಗಲೇ ಮಾಡಿಟ್ಟುಕೊಳ್ಳುವುದು ಒಳ್ಳೆಯದು.